ತಪ್ಪು ಕರ್ನಲ್ಲಿನದೋ, ಉಪ್ಪುಗಾಳಿಯದೋ: ಡೆಬಿಯನ್ ಅಪ್‌ಗ್ರೇಡ್ ಆದ ಮೇಲೆ ಲ್ಯಾಪ್‌ಟಾಪ್ ಕೈಕೊಟ್ಟರೆ

ಮಂಗಳೂರಿನಲ್ಲಿ ಲಿನಕ್ಸ್ ಹಾಕಿಕೊಂಡವರಿಂದ ನನಗೆ ಬರುವ ಫೋನು ಎರಡೇ ಬಗೆ. ಒಂದು, "ಅಪ್‌ಗ್ರೇಡ್ ಮಾಡಿದೆ, ಈಗ ಅದಿಲ್ಲ, ಇದಿಲ್ಲ." ಇನ್ನೊಂದು, "ನಾನು ಏನೂ ಮಾಡಿಲ್ಲ ಮಾರಾಯ್ರೆ, ತನ್ನಷ್ಟಕ್ಕೇ ಹಾಳಾಯಿತು." ಮೊದಲನೆಯವರು ಅಷ್ಟರಲ್ಲಿ ಅಂಗಡಿಗೆ ಹೋಗಿ ವೈಫೈ ಕಾರ್ಡು ಬದಲಿಸಲು ಹೊರಟಿರುತ್ತಾರೆ. ಅಲ್ಲಿ ಬೇಕಾಗಿದ್ದದ್ದು ಒಂದು ಸಣ್ಣ ಫರ್ಮ್‌ವೇರ್ ಫೈಲು, ಅಂದರೆ ಕಾರ್ಡಿನೊಳಗೆ ತುಂಬುವ ಪುಟ್ಟ ಪ್ರೋಗ್ರಾಂ. ಎರಡನೆಯವರು ಮೂರು ಸಲ ಓಎಸ್ ಅಳಿಸಿ ಹೊಸದಾಗಿ ಹಾಕಿರುತ್ತಾರೆ. ಅಲ್ಲಿ ಬೇಕಾಗಿದ್ದದ್ದು ಪೆನ್ಸಿಲ್ ಅಳಿಸುವ ರಬ್ಬರ್. ಆ ಕಥೆ ಕೆಳಗೆ ಉಂಟು.

ಡೆಬಿಯನ್ ಅನ್ನುವ ಲಿನಕ್ಸ್ ಬಗೆಯ 12 ಮತ್ತು 13ನೇ ಆವೃತ್ತಿ ಇಟ್ಟುಕೊಂಡು ಬರೆದಿದ್ದೇನೆ. ಉಬುಂಟು, ಮಿಂಟ್ ಇದ್ದರೂ ಮುಕ್ಕಾಲು ಪಾಲು ಹೀಗೆಯೇ. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ, ಟರ್ಮಿನಲ್ ಅನ್ನುವ ಕಮಾಂಡ್ ಕಿಟಕಿಯಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ. ನಿಮಗೆ ಕಾಣುವ ಲಕ್ಷಣ ಯಾವುದೋ ನೇರವಾಗಿ ಅಲ್ಲಿಗೇ ಹೋಗಬಹುದು, ಆದರೆ ಈ ಮೊದಲ ಭಾಗ ಒಂದನ್ನು ಮಾತ್ರ ಓದಿಕೊಂಡು ಹೋಗಿ.

ಸ್ಕ್ರೂ ಡ್ರೈವರ್ ಹುಡುಕುವ ಮೊದಲು

ಯಂತ್ರ ಹೇಗೋ ಏನೋ ಇನ್ನೂ ಆನ್ ಆಗುತ್ತಿದೆ ಅಂದರೆ ಮೊದಲು ಫೋಟೋ, ಲೆಕ್ಕಪತ್ರ, ಪ್ರಾಜೆಕ್ಟ್ ಫೈಲುಗಳನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ರಿಪೇರಿ ಮಾಡುತ್ತಾ ಮಾಡುತ್ತಾ ಕಳೆದುಕೊಂಡವರನ್ನು ಜಾಸ್ತಿ ನೋಡಿದ್ದೇನೆ.

ಆಮೇಲೆ ತಾರೀಕು ನೋಡಿ. ಮದುವೆಗೆ ಜಾತಕ ಕೂಡಿಸುವ ಹಾಗೆ ಇಲ್ಲಿಯೂ ಎರಡು ಹುಟ್ಟಿದ ದಿನ ಬೇಕು. ಒಂದು ಲ್ಯಾಪ್‌ಟಾಪಿನದು, ಇನ್ನೊಂದು ಕರ್ನಲ್ಲಿನದು, ಅಂದರೆ ಹಾರ್ಡ್‌ವೇರನ್ನು ನಡೆಸುವ ಲಿನಕ್ಸಿನ ತಿರುಳಿನದು. ಡೆಬಿಯನ್ 12 ಹೊರಬಂದದ್ದು 2023ರ ಜೂನ್ 10ಕ್ಕೆ, ಅದರೊಳಗಿನ ಕರ್ನಲ್ 6.1. ಆ ಕರ್ನಲ್ ಹುಟ್ಟಿದ್ದು 2022ರ ಡಿಸೆಂಬರಿನಲ್ಲಿ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ಕ್ಕೆ, ಕರ್ನಲ್ 6.12, ಅದು 2024ರ ನವೆಂಬರಿನದು. ಲಿನಕ್ಸ್ ಕರ್ನಲ್ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸದು ಬರುತ್ತಲೇ ಇರುತ್ತದೆ. ಡೆಬಿಯನ್‌ನವರು ಮಾತ್ರ ಒಂದು ಹಂತದಲ್ಲಿ ಫ್ರೀಜ್ ಅಂತ ಗೆರೆ ಎಳೆದು, ತಿಂಗಳುಗಟ್ಟಲೆ ಬಗ್ ಸರಿಮಾಡಿ, ಆಮೇಲೆ ಬಿಡುತ್ತಾರೆ. ಬಿಟ್ಟ ಮೇಲೆ 6.1ಕ್ಕೆ ಭದ್ರತೆಯ ತಿದ್ದುಪಡಿಗಳು ಬರುತ್ತವೆ, ಹೊಸ ಹಾರ್ಡ್‌ವೇರಿನ ಪರಿಚಯ ಹೆಚ್ಚಿನಂಶ ಬರುವುದಿಲ್ಲ. ಅಂದರೆ 2024ರಲ್ಲಿ ತೆಗೆದುಕೊಂಡ ಹೊಸ ಮಾಡೆಲಿಗೆ ಡೆಬಿಯನ್ 12 ಹಾಕಿದರೆ ಅದರ ವೈಫೈ ಚಿಪ್ಪನ್ನು ಆ ಕರ್ನಲ್ ಹುಟ್ಟಿದ ಮೇಲೆ ನೋಡಿಯೇ ಇಲ್ಲದಿರಬಹುದು. ಯಾರದೂ ತಪ್ಪಲ್ಲ. ನಿಮ್ಮ ಕರ್ನಲ್ ಯಾವುದು ಅಂತ ಯುನೇಮ್ ಹೈಫನ್ ಆರ್ ಹೊಡೆದರೆ ಹೇಳುತ್ತದೆ.

ಕೊನೆಗೆ ಎರಡು ಪುಕ್ಕಟೆ ಪರೀಕ್ಷೆ. ಇವನ್ನು ಮಾಡದೆ ಯಾರಿಗೂ ದುಡ್ಡು ಕೊಡಬೇಡಿ.

ಹಳೆ ಕರ್ನಲ್ ಪರೀಕ್ಷೆ: ಆನ್ ಮಾಡುವಾಗ ಗ್ರಬ್ ಮೆನು, ಅಂದರೆ ಯಾವುದನ್ನು ಓಡಿಸಬೇಕು ಅಂತ ಕೇಳುವ ಪಟ್ಟಿ, ಬರುತ್ತದೆ. ಬಾರದಿದ್ದರೆ ಎಸ್ಕೇಪ್ ಕೀಯನ್ನು ಒಂದು ಸಲ ಒತ್ತಿ, ತೀರ ಹಳೆ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಅದರಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಹೋದರೆ ಹಿಂದಿನ ಕರ್ನಲ್ ಕೂತಿರುತ್ತದೆ. ಅದರಲ್ಲಿ ಎಲ್ಲ ಸರಿ ಇದ್ದರೆ ನಿಮ್ಮ ಹಾರ್ಡ್‌ವೇರ್ ಗಟ್ಟಿ, ಹೊಸ ಕರ್ನಲ್ಲೇ ಏನೋ ಮುರಿದಿದೆ.

ಲೈವ್ ಪೆನ್‌ಡ್ರೈವ್ ಪರೀಕ್ಷೆ: ನಿಮ್ಮಲ್ಲಿ ಇರುವುದಕ್ಕಿಂತ ಹೊಸ ಆವೃತ್ತಿಯ ಲೈವ್ ಇಮೇಜನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ಓಡಿಸಿ ನೋಡಿ. ಅದರಲ್ಲಿ ವೈಫೈ ಬಂದರೆ ಕಾರ್ಡು ಜೀವಂತ. ಅದರಲ್ಲೂ ಇಲ್ಲ, ಹಳೆ ಕರ್ನಲ್ಲಿನಲ್ಲೂ ಇಲ್ಲ, ಪಕ್ಕದಲ್ಲಿ ವಿಂಡೋಸ್ ಇದ್ದು ಅದರಲ್ಲೂ ಇಲ್ಲ ಅಂದರೆ ಆಗ ಅಂಗಡಿಯ ಮಾತು. ಇಮೇಜ್ ಇಳಿಸಿದ ಮೇಲೆ ಚೆಕ್‌ಸಮ್ (ಫೈಲ್ ಸರಿಯಾಗಿ ಬಂದಿದೆಯಾ ಅಂತ ತೋರಿಸುವ ಸಂಖ್ಯೆ) ತಾಳೆ ನೋಡಲು ಮರೆಯಬೇಡಿ. ಮಳೆಗಾಲದಲ್ಲಿ ನೆಟ್ ಕಡಿದು ಕಡಿದು ಬಂದ ಡೌನ್‌ಲೋಡ್ ಅರ್ಧಂಬರ್ಧ ಆಗಿರುತ್ತದೆ, ಇನ್‌ಸ್ಟಾಲರ್ ನಡುವೆ ನಿಂತಾಗ ಜನ ಡಿಸ್ಕಿಗೆ ಬೈಯುತ್ತಾರೆ.

"ಆನ್ ಆಗ್ತದೆ, ಪರದೆ ಮಾತ್ರ ಕಪ್ಪು"

ನಗಬೇಡಿ, ಮೊದಲು ಬ್ರೈಟ್‌ನೆಸ್ ಕೀ ಒತ್ತಿ. ಹೊಸ ಕರ್ನಲ್ಲಿನಲ್ಲಿ ಬೆಳಕು ಸೊನ್ನೆಯಿಂದ ಶುರುವಾದ ಲ್ಯಾಪ್‌ಟಾಪನ್ನು ನಾನೇ ಅರ್ಧ ಗಂಟೆ ಪರೀಕ್ಷಿಸಿದ್ದೇನೆ, ಕೊನೆಗೆ ಟಾರ್ಚ್ ಹಿಡಿದಾಗ ಮಸುಕಾಗಿ ಐಕಾನು ಕಂಡಿತು. ಆಮೇಲೆ ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಜೋಡಿಸಿ. ಟಿವಿಯಲ್ಲಿ ಬಂದು ಲ್ಯಾಪ್‌ಟಾಪಿನಲ್ಲಿ ಬಾರದಿದ್ದರೆ, ಗ್ರಬ್ ಮೆನು ಕೂಡ ಕಾಣದಿದ್ದರೆ, ಪರದೆಯದ್ದೋ ಅದರ ಕೇಬಲಿನದ್ದೋ ತೊಂದರೆ.

ಈಗ ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಎಚ್ಚರವಾಗಿದೆ, ಚಿತ್ರ ತೋರಿಸುವ ಭಾಗ ಮಾತ್ರ ಬಿದ್ದಿದೆ. ತಾನಾಗಿಯೇ ಮಿಣಮಿಣ ಮಿನುಗುತ್ತಿದ್ದರೆ ಅದು ಕರ್ನಲ್ ಪ್ಯಾನಿಕ್, ಕರ್ನಲ್ಲೇ ಬಿದ್ದು ನಿಂತಿದೆ. ಒತ್ತಿದರೂ ಏನೂ ಆಗದಿದ್ದರೆ ಪೂರ್ತಿ ಹ್ಯಾಂಗ್.

ಎಚ್ಚರವಾಗಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಬಿಳುಪು ಲಾಗಿನ್ ಬಂದರೆ ಅರ್ಧ ಗೆದ್ದ ಹಾಗೆ. ಬಾರದಿದ್ದರೆ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ತುದಿಗೆ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಅಂತ ಬರೆದು ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ, ಹೆದರುವಂಥದ್ದು ಏನಿಲ್ಲ. ಇದರಿಂದ ಚಿತ್ರ ಬಂದರೆ ಗ್ರಾಫಿಕ್ಸ್ ಡ್ರೈವರೇ ಕಳ್ಳ. ಎನ್‌ವಿಡಿಯಾ ಕಾರ್ಡು ಇದ್ದು ಕಂಪನಿಯ ಮುಚ್ಚಿದ ಡ್ರೈವರ್ ಹಾಕಿಕೊಂಡಿದ್ದರೆ ಹೊಸ ಕರ್ನಲ್ಲಿಗೆ ಅದು ಮತ್ತೆ ಕಟ್ಟಿಕೊಂಡಿಲ್ಲ ಅಂತಲೇ ನೂರಕ್ಕೆ ತೊಂಬತ್ತು ಸಲ. ಹಾಗೆ ಕಟ್ಟುವ ಕೆಲಸ ಡಿಕೆಎಂಎಸ್‌ನದು. ಡಿಕೆಎಂಎಸ್ ಸ್ಟೇಟಸ್ ಅಂತ ಕೇಳಿ, ನಿಮ್ಮ ಕರ್ನಲ್ ಹೆಸರಿನ ಮುಂದೆ ಇನ್‌ಸ್ಟಾಲ್ಡ್ ಅಂತ ಇರಬೇಕು. ಇಲ್ಲದಿದ್ದರೆ ಹೆಚ್ಚಾಗಿ, ಡ್ರೈವರ್ ಕಟ್ಟಲು ಬೇಕಾದ ಆ ಕರ್ನಲ್ಲಿನ ಹೆಡರ್ಸ್ ಪ್ಯಾಕೇಜ್ ಹಾಕಿಲ್ಲ ಅಂತ ಅರ್ಥ. ಎಎಂಡಿ ಗ್ರಾಫಿಕ್ಸ್ ಇದ್ದವರು ಫರ್ಮ್‌ವೇರ್ ಹೈಫನ್ ಎಎಂಡಿ ಹೈಫನ್ ಗ್ರಾಫಿಕ್ಸ್ ಪ್ಯಾಕೇಜ್ ಇದೆಯಾ ನೋಡಿ.

ಪವರ್ ಬಟನ್ ಒತ್ತಿದರೆ ದೀಪವಿಲ್ಲ, ಫ್ಯಾನ್ ಸದ್ದಿಲ್ಲ ಅನ್ನುವವರು ಇಲ್ಲಿ ಓದಿ ಪ್ರಯೋಜನವಿಲ್ಲ. ಅದಕ್ಕೂ ಓಎಸ್‌ಗೂ ಸಂಬಂಧವಿಲ್ಲ.

"ವೈಫೈಯೇ ಇಲ್ಲ ಮಾರಾಯ್ರೆ"

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇರೆ ಡ್ರೈವರ್ ಬೇಡ, ಕೂಡಲೇ ನೆಟ್ ಬರುತ್ತದೆ. ನೆಟ್ ಇಲ್ಲದೆ ವೈಫೈ ಸರಿಮಾಡಲು ಹೊರಡುವುದು ಅಂದರೆ ಬಾವಿಗೆ ಇಳಿದ ಮೇಲೆ ಹಗ್ಗ ಹುಡುಕಿದ ಹಾಗೆ.

ಈಗ ಆರ್‌ಎಫ್‌ಕಿಲ್ ಅಂತ ಹೊಡೆಯಿರಿ. ಸಾಫ್ಟ್ ಬ್ಲಾಕ್ ಅಂತ ಬಂದರೆ ಏರೋಪ್ಲೇನ್ ಕೀ ಯಾರೋ ಒತ್ತಿದ್ದಾರೆ, ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್ ಕೊಟ್ಟರೆ ಮುಗಿಯಿತು. ಹಾರ್ಡ್ ಬ್ಲಾಕ್ ಅಂತ ಬಂದರೆ ಲ್ಯಾಪ್‌ಟಾಪಿನ ಬದಿಯಲ್ಲಿ ಸಣ್ಣ ಸ್ವಿಚ್ ಇದೆಯಾ ನೋಡಿ, ಹಳೆಯದರಲ್ಲಿ ಇರುತ್ತಿತ್ತು. ಬ್ಯಾಗಿಗೆ ಹಾಕುವಾಗ ಜಾರಿಬಿಡುತ್ತದೆ.

ಎರಡೂ ಇಲ್ಲವಾದರೆ ಯಂತ್ರದೊಳಗಿನ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ. ಅದರ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಬ್ರಾಡ್‌ಕಾಮ್ ಯಾವುದಾದರೂ ಕಂಡರೆ ಕಾರ್ಡು ಬದುಕಿದೆ, ಅಂಗಡಿಗೆ ಹೋಗಬೇಡಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಬಯಾಸ್‌ನಲ್ಲಿ (ಓಎಸ್‌ಗೂ ಮೊದಲು ಬರುವ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ) ಆಫ್ ಆಗಿದೆ, ಇಲ್ಲವೇ ಕಾರ್ಡು ಸಾಕೆಟಿನಲ್ಲಿ ಸಡಿಲ, ಇಲ್ಲವೇ ಸತ್ತಿದೆ. ಇದೇ ಅನುಕ್ರಮದಲ್ಲಿ ನೋಡಿ.

ಕಾರ್ಡು ಕಾಣುತ್ತದೆ, ವೈಫೈ ಮಾತ್ರ ಇಲ್ಲ. ಹಾಗಾದರೆ ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ಹೊಡೆದು ಫರ್ಮ್‌ವೇರ್ ಅನ್ನುವ ಪದ ಹುಡುಕಿ. ಫೇಲ್ಡ್ ಟು ಲೋಡ್ ಅಂತ ಒಂದು ಸಾಲು, ಕೊನೆಗೆ ಮೈನಸ್ ಎರಡು ಅಂತ ಅಂಕಿ ಇದ್ದರೆ, ಮೈನಸ್ ಎರಡು ಅಂದರೆ ಆ ಹೆಸರಿನ ಫೈಲೇ ಇಲ್ಲ ಅಂತ. ಡ್ರೈವರ್ ಬಂದು ಬಾಗಿಲು ಬಡಿದಿದೆ, ಕಾರ್ಡಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಸಿಕ್ಕಿಲ್ಲ, ವಾಪಸ್ ಹೋಗಿದೆ. ಇಂಟೆಲ್ ಆದರೆ ಫರ್ಮ್‌ವೇರ್ ಹೈಫನ್ ಐಡಬ್ಲ್ಯೂಎಲ್‌ವೈಫೈ, ರಿಯಲ್‌ಟೆಕ್ ಆದರೆ ಫರ್ಮ್‌ವೇರ್ ಹೈಫನ್ ರಿಯಲ್‌ಟೆಕ್ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿ.

ಇಲ್ಲಿ ಒಂದು ಗುಂಡಿ ಉಂಟು, ಡೆಬಿಯನ್ 11ರಿಂದ ಮೇಲೆ ಬಂದವರು ಸಾಲುಸಾಲಾಗಿ ಬೀಳುವುದು ಇದಕ್ಕೇ. ಮೂಲಸಂಕೇತ ಇಲ್ಲದ ಫರ್ಮ್‌ವೇರುಗಳನ್ನು ಡೆಬಿಯನ್ ಬಹಳ ವರ್ಷಗಳಿಂದ ನಾನ್‌ಫ್ರೀ ಅನ್ನುವ ಬೇರೆ ಕೋಣೆಯಲ್ಲಿ ಇಡುತ್ತಿತ್ತು, ಅಧಿಕೃತ ಇನ್‌ಸ್ಟಾಲರಿನಲ್ಲಿ ಕೊಡುತ್ತಿರಲಿಲ್ಲ. 2022ರಲ್ಲಿ ಡೆವಲಪರುಗಳು ಮತ ಹಾಕಿ ಇದನ್ನು ಬದಲಾಯಿಸಿದರು. 12ರಿಂದ ಇನ್‌ಸ್ಟಾಲರಿನಲ್ಲೇ ಫರ್ಮ್‌ವೇರ್ ಬರುತ್ತದೆ, ಹೊಸದಾಗಿ ಹಾಕಿಕೊಂಡವರಿಗೆ ದೊಡ್ಡ ಉಪಕಾರವಾಯಿತು. ಆದರೆ ಆಗ ಫರ್ಮ್‌ವೇರುಗಳೆಲ್ಲ ನಾನ್‌ಫ್ರೀ ಹೈಫನ್ ಫರ್ಮ್‌ವೇರ್ ಅನ್ನುವ ಹೊಸ ಕೋಣೆಗೆ ಹೋದವು. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕು ಅಂತ ಬರೆದಿಟ್ಟ ನಿಮ್ಮ ಸೋರ್ಸಸ್ ಲಿಸ್ಟಿನಲ್ಲಿ ಹಳೆ ಕೋಣೆಯ ಹೆಸರು ಮಾತ್ರ ಇದ್ದರೆ ಕರ್ನಲ್ ಹೊಸದಾಗುತ್ತಾ ಹೋಗುತ್ತದೆ, ಫರ್ಮ್‌ವೇರ್ 11ರ ಕಾಲದ್ದೇ ಉಳಿಯುತ್ತದೆ. ಏನೂ ಎರರ್ ಇಲ್ಲ, ಪ್ಯಾಕೇಜ್ ತಂದು ಹಾಕುವ ಏಪಿಟಿ ಒಂದು ಸೂಚನೆ ಕೊಡುತ್ತದೆ, ಅದನ್ನು ಯಾರೂ ಓದುವುದಿಲ್ಲ. ಒಂದು ದಿನ ಹೊಸ ಕರ್ನಲ್ ಹೊಸ ಫೈಲ್ ಕೇಳುತ್ತದೆ, ವೈಫೈ ಹೋಗುತ್ತದೆ. ಸೋರ್ಸಸ್ ಲಿಸ್ಟಿನಲ್ಲಿ ಮೈನ್ ಅಂತ ಇರುವ ಸಾಲಿನ ಕೊನೆಗೆ ಹೊಸ ಕೋಣೆಯ ಹೆಸರು ಸೇರಿಸಿ, ಏಪಿಟಿ ಅಪ್‌ಡೇಟ್, ಏಪಿಟಿ ಅಪ್‌ಗ್ರೇಡ್. ಅಷ್ಟೇ.

ಯುಎಸ್‌ಬಿ ವೈಫೈ ಡಾಂಗಲ್ ಇಟ್ಟುಕೊಂಡವರದ್ದು ಇನ್ನೊಂದು ಪಾಡು. ರಿಯಲ್‌ಟೆಕ್ 8821ಸಿಯು, 8822ಬಿಯು ಚಿಪ್ಪಿನ ಡಾಂಗಲುಗಳಿಗೆ ಕರ್ನಲ್ಲಿನೊಳಗೇ ಬೆಂಬಲ ಬಂದದ್ದು 6.2ರಲ್ಲಿ. ಡೆಬಿಯನ್ 12ರಲ್ಲಿ ಇರುವುದು 6.1. ಒಂದೇ ಮೆಟ್ಟಿಲಿನಲ್ಲಿ ತಪ್ಪಿತು ನೋಡಿ! ಹಾಗಾಗಿ 12ರವರು ಎಲ್ಲೆಲ್ಲಿಂದಲೋ ಡ್ರೈವರ್ ತಂದು ಕಟ್ಟಿಕೊಂಡಿದ್ದರು, ಕರ್ನಲ್ ಬದಲಾದಾಗಲೆಲ್ಲ ಅದು ಮುರಿಯುತ್ತಿತ್ತು. 13ಕ್ಕೆ ಬಂದ ಮೇಲೆ ಆ ಹೊರಗಿನ ಡ್ರೈವರ್ ಬೇಡವೇ ಬೇಡ, ತೆಗೆದುಹಾಕಿ. ಎರಡೂ ಇದ್ದರೆ ಜಗಳವಾಡುತ್ತವೆ. 12ರಲ್ಲೇ ಇರಬೇಕು ಅಂದರೆ ಹಳೆ ಆವೃತ್ತಿಗೆ ಹೊಸ ಪ್ಯಾಕೇಜ್ ಕೊಡುವ ಬ್ಯಾಕ್‌ಪೋರ್ಟ್ಸ್‌ನಿಂದ ಹೊಸ ಕರ್ನಲ್ ಹಾಕಿಕೊಳ್ಳಿ. ಉಬುಂಟು ಎಲ್‌ಟಿಎಸ್‌ನಲ್ಲಿ ಇದೇ ಕೆಲಸಕ್ಕೆ ಎಚ್‌ಡಬ್ಲ್ಯೂಇ ಕರ್ನಲ್ ಅಂತ ಇದೆ.

"ನೀಲಿ ಪರದೆ ಬಂತು, ಏನೋ ಒತ್ತಿದೆ, ಹೋಯಿತು"

ಸೆಕ್ಯೂರ್ ಬೂಟ್ ಅಂದರೆ ಸಹಿ ಇದ್ದದ್ದನ್ನು ಮಾತ್ರ ಓಡಲು ಬಿಡುವ ಕಾವಲು. ಅದು ಆನ್ ಇರುವ ಯಂತ್ರದಲ್ಲಿ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಎನ್‌ವಿಡಿಯಾ, ಬ್ರಾಡ್‌ಕಾಮ್ ಇಂಥ ಹೊರಗಿನ ಡ್ರೈವರ್ ಹಾಕುವಾಗ ನಿಮ್ಮದೇ ಒಂದು ಕೀ ಮಾಡಿ, ಪಾಸ್‌ವರ್ಡ್ ಕೊಟ್ಟು ನೋಂದಾಯಿಸಬೇಕು. ಆಮೇಲೆ ರೀಸ್ಟಾರ್ಟ್ ಆಗುವಾಗ ನೀಲಿ ಬಣ್ಣದ ಪರದೆ ಬಂದು ಹತ್ತು ಸೆಕೆಂಡ್ ಎಣಿಸುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಕೀ ಒತ್ತದಿದ್ದರೆ ಅದು ಸುಮ್ನೆ ಮುಂದೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಜನ ಅಷ್ಟರಲ್ಲಿ ಚಹಾ ಮಾಡಲು ಎದ್ದಿರುತ್ತಾರೆ. ಡ್ರೈವರ್ ಹಾಕಿದ್ದೂ ಸರಿ, ಕಟ್ಟಿದ್ದೂ ಸರಿ, ಕೆಲಸ ಮಾತ್ರ ಇಲ್ಲ, ಡಿಮೆಸ್ಗ್‌ನಲ್ಲಿ ಕೀ ರಿಜೆಕ್ಟೆಡ್ ಅಂತ ಇದ್ದರೆ ಇದೇ. ಕೀ ನೋಂದಾಯಿಸುವ ಎಂಒಕೆಯುಟಿಲ್ ಇಂಪೋರ್ಟ್ ಮತ್ತೊಮ್ಮೆ ಮಾಡಿ, ಈ ಸಲ ಪರದೆಯ ಎದುರೇ ಕೂತು ಎನ್ರೋಲ್ ಎಂಒಕೆ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ.

ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಆಯ್ತಲ್ಲ ಅಂತ ಕೇಳುವವರು ಇದ್ದಾರೆ. ಆಗುತ್ತದೆ. ಆದರೆ ಪಕ್ಕದಲ್ಲಿ ವಿಂಡೋಸ್ ಇದ್ದು ಅದರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಮುಂದಿನ ಸಲ ಅದು ಉದ್ದದ ರಿಕವರಿ ಕೀ ಕೇಳುತ್ತದೆ. ಆ ಕೀ ಕೈಯಲ್ಲಿ ಇಟ್ಟುಕೊಂಡು ಮಾತ್ರ ಮುಟ್ಟಿ.

"ಅಪ್‌ಗ್ರೇಡ್ ಅರ್ಧಕ್ಕೆ ನಿಂತಿತು"

ಕರೆಂಟು ಹೋಗಿ ನಿಂತದ್ದಾದರೆ ಚಿಂತೆ ಕಡಿಮೆ. ಟರ್ಮಿನಲ್‌ನಲ್ಲಿ ಡಿಪಿಕೆಜಿಗೆ ಎರಡು ಹೈಫನ್ ಕಾನ್ಫಿಗರ್, ಹೈಫನ್ ಎ ಕೊಡಿ, ಆಮೇಲೆ ಏಪಿಟಿ ಹೈಫನ್ ಎಫ್ ಇನ್‌ಸ್ಟಾಲ್. ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ನೋ ಸ್ಪೇಸ್ ಲೆಫ್ಟ್ ಅಂತ ಹೇಳಿ ನಿಂತರೆ ಡಿಎಫ್ ಹೈಫನ್ ಎಚ್ ಹೊಡೆದು ಬೂಟ್ ವಿಭಾಗ ನೋಡಿ. ಕೆಲವು ವರ್ಷಗಳ ಹಿಂದೆ ಇನ್‌ಸ್ಟಾಲ್ ಮಾಡಿದವರದ್ದು, ಅದರಲ್ಲೂ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಂಡವರದ್ದು, ಸಣ್ಣದಾಗಿರುತ್ತದೆ. 13ಕ್ಕೆ ಹೋಗುವ ಮೊದಲು ಬೂಟ್ ಕನಿಷ್ಠ 768 ಎಂಬಿ ಇರಲಿ, 300 ಎಂಬಿಯಷ್ಟು ಖಾಲಿ ಇರಲಿ ಅಂತ ಡೆಬಿಯನ್‌ನ ಬಿಡುಗಡೆ ಟಿಪ್ಪಣಿಯಲ್ಲೇ ಇದೆ. ಹಳೆ ಕರ್ನಲ್ ತೆಗೆಯಲು ಏಪಿಟಿ ಆಟೋರಿಮೂವ್ ಬಳಸಿ. ಬೂಟ್ ಒಳಗಿನ ಫೈಲುಗಳನ್ನು ಕೈಯಾರೆ ಅಳಿಸಬೇಡಿ. ಕರ್ನಲ್ ಏಳಲು ಬೇಕಾದ ಇನಿಟ್‌ಆರ್‌ಡಿ ಫೈಲ್ ಅಳಿಸಿ, ಮರುದಿನ ಅನೇಬಲ್ ಟು ಮೌಂಟ್ ರೂಟ್ ಅನ್ನುವ ಪ್ಯಾನಿಕ್ ನೋಡಿ ಕಂಗಾಲಾದವರ ಮನೆಗೆ ನಾನು ಕಲ್ಸಂಕದವರೆಗೆ ಮಳೆಯಲ್ಲಿ ಹೋಗಿದ್ದೇನೆ. ಹಾಗೆ ಆದರೂ ಹಳೆ ಕರ್ನಲ್ಲಿನಲ್ಲಿ ಒಳಗೆ ಹೋಗಿ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಓಡಿಸಿದರೆ ಸರಿಹೋಗುತ್ತದೆ.

11ರಿಂದ ನೇರ 13ಕ್ಕೆ ಹಾರಬೇಡಿ. ನಡುವೆ 12 ಮಾಡಿಯೇ ಹೋಗಬೇಕು. ಇನ್ನು 32 ಬಿಟ್ ಡೆಬಿಯನ್ ಇಟ್ಟುಕೊಂಡ ಹಳೆ ಯಂತ್ರಗಳಿಗೆ 13ರಲ್ಲಿ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಎಲ್‌ಎಸ್‌ಸಿಪಿಯು ಹೊಡೆದು ನೋಡಿ, 64 ಬಿಟ್ ಅಂತ ಕಂಡರೆ ಪ್ರೊಸೆಸರಿಗೆ ಶಕ್ತಿ ಇದೆ, ನೀವು ಹಾಕಿದ್ದು 32 ಅಷ್ಟೇ. ಬ್ಯಾಕಪ್ ತೆಗೆದು 64ರದ್ದನ್ನು ಹೊಸದಾಗಿ ಹಾಕಿ.

"ಗಡಿಯಾರ ಐದೂವರೆ ಗಂಟೆ ತಪ್ಪು"

ಇದು ನಮ್ಮ ದೇಶದ ಲಕ್ಷಣ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಇಲ್ಲಿಯ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಗ್ರೀನಿಚ್ ಸಮಯ ಅಂದುಕೊಂಡು ಐದೂವರೆ ಗಂಟೆ ಕೂಡಿಸುತ್ತದೆ. ಟೈಮ್‌ಡೇಟ್‌ಸಿಟಿಎಲ್‌ಗೆ ಸೆಟ್ ಲೋಕಲ್ ಆರ್‌ಟಿಸಿ ಒಂದು ಅಂತ ಕೊಟ್ಟರೆ ಜಗಳ ಮುಗಿಯುತ್ತದೆ.

ತಾರೀಕೇ ತಿಂಗಳುಗಟ್ಟಲೆ ಹಿಂದೆ ಹೋಗಿದ್ದರೆ ಮಾತು ಬೇರೆ. ಏಪಿಟಿ ಅಪ್‌ಡೇಟ್ ಮಾಡಿದಾಗ ರಿಲೀಸ್ ಫೈಲ್ ನಾಟ್ ವ್ಯಾಲಿಡ್ ಯೆಟ್ ಅಂತ ಬರುತ್ತದೆ. ರಿಲೀಸ್ ಫೈಲಿನ ಮೇಲೆ ಅದನ್ನು ಮಾಡಿದ ತಾರೀಕು ಇರುತ್ತದೆ, ನಿಮ್ಮ ಯಂತ್ರ ಇನ್ನೂ ಕಳೆದ ವರ್ಷದಲ್ಲೇ ಇದ್ದರೆ ಅದು ನಾಳೆಯ ಪೇಪರ್ ಇವತ್ತೇ ಬಂದ ಹಾಗೆ ಕಾಣುತ್ತದೆ, ನಂಬುವುದಿಲ್ಲ. ಸರ್ವರ್ ಹಾಳಾಗಿಲ್ಲ. ಸಿಆರ್ 2032 ಅನ್ನುವ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪಿನಲ್ಲಾದರೆ ನೀವೇ ಬದಲಿಸಬಹುದು.

"ಸೌಂಡ್ ಇಲ್ಲ"

ಸೆಟ್ಟಿಂಗ್ಸಿನಲ್ಲಿ ಡಮ್ಮಿ ಔಟ್‌ಪುಟ್ ಅಂತ ಮಾತ್ರ ಕಂಡರೆ, ಈಚಿನ ಇಂಟೆಲ್ ಲ್ಯಾಪ್‌ಟಾಪ್ ಆದರೆ, ಫರ್ಮ್‌ವೇರ್ ಹೈಫನ್ ಎಸ್‌ಒಎಫ್ ಹೈಫನ್ ಸೈನ್ಡ್ ಹಾಕಿ. ಬೇರೆ ಹೆಸರು ಕಾಣುತ್ತಿದ್ದರೆ ಎಚ್‌ಡಿಎಂಐ ಕಡೆಗೆ ತಿರುಗಿದೆಯಾ ನೋಡಿ.

"ಮುಚ್ಚಳ ಮುಚ್ಚಿದ್ದೆ, ಬ್ಯಾಗಿನಲ್ಲಿ ಬಿಸಿಬಿಸಿ"

ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಬ್ಯಾಟರಿ ಅರ್ಧ ಖಾಲಿ ಅಂದರೆ ಅದು ನಿದ್ದೆ ಮಾಡಿಲ್ಲ. ಸಿಸ್ ಪವರ್ ಮೆಮ್‌ಸ್ಲೀಪ್ ಫೈಲನ್ನು ಕ್ಯಾಟ್ ಕಮಾಂಡಿನಲ್ಲಿ ಓದಿ ನೋಡಿ. ಎಸ್‌2ಐಡಲ್ ಅಂತ ಮಾತ್ರ ಇದ್ದರೆ ಆ ಯಂತ್ರಕ್ಕೆ ಬರುವುದು ಕೋಳಿನಿದ್ದೆ ಒಂದೇ. ಡೀಪ್ ಅಂತಲೂ ಇದ್ದರೆ ಗ್ರಬ್‌ನ ಲಿನಕ್ಸ್ ಅಂತ ಶುರುವಾಗುವ ಸಾಲಿಗೆ ಮೆಮ್‌ಸ್ಲೀಪ್ ಡಿಫಾಲ್ಟ್ ಡೀಪ್ ಸೇರಿಸಿ ಪ್ರಯತ್ನಿಸಿ. ಕೆಲವು ಬಯಾಸ್‌ಗಳಲ್ಲಿ ಸ್ಲೀಪ್ ಸ್ಟೇಟ್ ಅಂತ ಆಯ್ಕೆ ಇರುತ್ತದೆ. ಸರಿಹೋಗುವ ತನಕ ಬ್ಯಾಗಿಗೆ ಹಾಕುವ ಮೊದಲು ಪೂರ್ತಿ ಆಫ್ ಮಾಡಿ. ಗಾಳಿ ಇಲ್ಲದ ಬ್ಯಾಗಿನಲ್ಲಿ ಲಿಥಿಯಂ ಬ್ಯಾಟರಿ ಬಿಸಿಯಾಗುವುದು ತಮಾಷೆಯಲ್ಲ.

"ಸುಮ್ನೆ ಸುಮ್ನೆ ಹ್ಯಾಂಗ್, ಎಲ್ಲೆಲ್ಲೋ ಎರರ್"

ನಾನು ಬಹಳ ಕಷ್ಟಪಟ್ಟು ಕಲಿತದ್ದು ಇದು. ತೊಂದರೆ ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಕೆಲಸ ಮಾಡುವಾಗ ಬಂದರೆ ಸಾಫ್ಟ್‌ವೇರನ್ನು ಸಂಶಯಿಸಿ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬಂದರೆ ಹಾರ್ಡ್‌ವೇರ್.

ಮಲ್ಪೆ ಕಡೆಯ ಒಂದು ಸಣ್ಣ ಆಫೀಸು, ಕಿಟಕಿ ತೆಗೆದರೆ ಸಮುದ್ರದ ಗಾಳಿ ನೇರ ಮೇಜಿಗೆ. ಡೆಸ್ಕ್‌ಟಾಪಿನಲ್ಲಿ ಡೆಬಿಯನ್ ಹೊಸದಾಗಿ ಹಾಕಿಕೊಟ್ಟು ಬಂದೆ. ಮರುದಿನ ಬ್ರೌಸರ್ ಬಿದ್ದಿತು, ಆಮೇಲೆ ಲೆಕ್ಕದ ಶೀಟ್, ಆಮೇಲೆ ಅಪ್‌ಡೇಟ್ ಮಾಡುವಾಗ ಇಳಿಸಿದ ಪ್ಯಾಕೇಜಿನ ಹ್ಯಾಶ್ ತಾಳೆಯಾಗುತ್ತಿಲ್ಲ ಅಂತ. ನಾನು ಪ್ಯಾಕೇಜ್ ಇಳಿಸುವ ಮಿರರ್ ಸರ್ವರ್ ಬದಲಿಸಿದೆ, ಕರ್ನಲ್ ಬದಲಿಸಿದೆ, ಕೊನೆಗೆ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದೆ, ಎರಡು ಸಂಜೆ ಹೋಯಿತು. ಮೂರನೇ ಸಂಜೆ ಕ್ಯಾಬಿನೆಟ್ ತೆರೆದು ರಾಮ್ ಎಳೆದರೆ, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಲ್ಲಿ ನಾಲ್ಕೈದಕ್ಕೆ ಹಸಿರು ಮಿಶ್ರಿತ ಕಂದು ಕಲೆ. ತಾಮ್ರದ ಚೊಂಬಿಗೆ ಹುಣಸೆಹುಳಿ ಕಾಣದೆ ತಿಂಗಳಾದರೆ ಹೇಗೆ ಕಾಣುತ್ತದೆ, ಹಾಗೆ. ಆಫೀಸಿನವರ ಮಗಳ ಪೆನ್ಸಿಲ್ ಬಾಕ್ಸಿನಿಂದ ಬಿಳಿ ರಬ್ಬರ್ ತಂದು ಮೆಲ್ಲಗೆ ಒರೆಸಿ, ಪುಡಿ ಊದಿ ತೆಗೆದು, ವಾಪಸ್ ಕೂರಿಸಿದೆ. ಆಮೇಲೆ ಆ ದೂರು ಬಂದಿಲ್ಲ.

ನೀವೂ ಮಾಡುವುದಾದರೆ: ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ ಆಮೇಲೆ ರಾಮ್ ಮುಟ್ಟಿ. ಮೆತ್ತಗಿನ ರಬ್ಬರೇ ಆಗಬೇಕು, ಜೋರಾಗಿ ಉಜ್ಜಿದರೆ ಚಿನ್ನದ ಲೇಪವೇ ಹೋಗುತ್ತದೆ. ಆಮೇಲೆ ರಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿನಿಂದ ಒಂದು ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಇದ್ದರೂ ಆ ರಾಮ್ ನಂಬಬೇಡಿ. ಎರಡು ರಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ.

ರಾಮ್ ಸರಿ ಇದ್ದರೆ ಬಿಸಿ ನೋಡಿ. ಸೆನ್ಸರ್ಸ್ ಕಮಾಂಡ್ ತೋರಿಸುವ ಅಂಕಿ ಸುಮ್ನೆ ಕೂತಾಗಲೇ 80 ಡಿಗ್ರಿ ದಾಟಿದರೆ ಫ್ಯಾನಿನಲ್ಲಿ ಧೂಳು ತುಂಬಿದೆ ಅಥವಾ ಪ್ರೊಸೆಸರಿನ ಬಿಸಿ ಸಾಗಿಸುವ ಪೇಸ್ಟ್ ಒಣಗಿದೆ. ಕರಾವಳಿಯ ಧೂಳು ತೇವ ಹೀರಿ ಕಂಬಳಿಯ ಹಾಗೆ ಅಂಟಿಕೊಳ್ಳುತ್ತದೆ, ಊದಿದರೆ ಹೋಗುವುದಿಲ್ಲ, ಬ್ರಷ್ ಬೇಕು.

ಆಮೇಲೆ ಡಿಸ್ಕ್. ಡಿಮೆಸ್ಗ್‌ನಲ್ಲಿ ಐಓ ಎರರ್ ಸಾಲುಗಳು ಇದ್ದರೆ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಹೈಫನ್ ಎ ಹೊಡೆಯಿರಿ. ಸಾಟಾ ಡಿಸ್ಕಿನಲ್ಲಿ 5, 197, 198ನೇ ಸಾಲುಗಳ ಕೊನೆಯ ಅಂಕಿ ಸೊನ್ನೆ ಬಿಟ್ಟು ಏರುತ್ತಾ ಹೋದರೆ ಡಿಸ್ಕ್ ಸಾಯುತ್ತಿದೆ, ಈಗಲೇ ನಕಲು ತೆಗೆಯಿರಿ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಒಳ್ಳೆಯದೇ, ಕೇಬಲ್ ಕೆಟ್ಟಿದೆ ಅಥವಾ ಸಡಿಲವಾಗಿದೆ. ಕೇಬಲಿಗೆ ಹೋಗುವ ಕಡೆ ಹೊಸ ಡಿಸ್ಕಿಗೆ ದುಡ್ಡು ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ.

ಇಲ್ಲಿ ಕೈ ಹಾಕಬೇಡಿ

ಲ್ಯಾಪ್‌ಟಾಪಿನ ಅಡಿ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಬ್ಯಾಟರಿ ಊದಿದೆ. ಚಾರ್ಜರ್ ಕಿತ್ತು, ಆಫ್ ಮಾಡಿ, ಒತ್ತದೆ ಚುಚ್ಚದೆ ಹಾಗೇ ಸರ್ವಿಸಿಗೆ ಕೊಡಿ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ, ಒಳಗೆ ಬ್ಯಾಕಪ್ ಇಲ್ಲದ ಫೈಲು ಇದ್ದರೆ, ಮತ್ತೆ ಮತ್ತೆ ಆನ್ ಮಾಡಬೇಡಿ, ಪ್ರತಿ ಸಲ ಇನ್ನಷ್ಟು ಹಾಳಾಗುತ್ತದೆ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಮಳೆನೀರು ಬಿದ್ದ ಯಂತ್ರವನ್ನು ಅಕ್ಕಿಯಲ್ಲಿ ಹೂತು ಮರುದಿನ ಆನ್ ಮಾಡುವ ಪ್ರಯೋಗವೂ ಬೇಡ.

ಬಯಾಸ್ ಅಪ್‌ಡೇಟ್ ಈಗ ಎಫ್‌ಡಬ್ಲ್ಯೂಯುಪಿಡಿ ಅನ್ನುವ ಲಿನಕ್ಸ್ ಸಾಧನದಿಂದ ಸುಲಭ, ಎಷ್ಟೋ ಸ್ಲೀಪ್ ತೊಂದರೆ ಅದರಿಂದಲೇ ಹೋಗುತ್ತದೆ. ಆದರೆ ಮೇ ತಿಂಗಳಿನಲ್ಲಿ, ಅಕ್ಟೋಬರಿನಲ್ಲಿ ಸಂಜೆ ನಾಲ್ಕರ ಮೇಲೆ ಪೂರ್ವದಲ್ಲಿ ಮೋಡ ಕಟ್ಟಿದ್ದರೆ ಅದಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟು ಹೋಗಿ ನಿಂತರೆ ಮದರ್‌ಬೋರ್ಡೇ ಏಳದಿರಬಹುದು. ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ, ಬೆಳಿಗ್ಗೆ ಮಾಡಿ. ಸಿಡಿಲಿನ ಹೊತ್ತಿಗೆ ಪವರ್ ಪ್ಲಗ್ ಕೀಳುವವರು ರೂಟರಿನಿಂದ ಬಂದ ಲ್ಯಾನ್ ಕೇಬಲ್ ಮರೆಯುತ್ತಾರೆ. ಅದನ್ನೂ ಕೀಳಿ.

ಹಳೆ ಕರ್ನಲ್ಲಿನಲ್ಲಿ ಸರಿ, ಹೊಸದರಲ್ಲಿ ಇಲ್ಲ ಅಂತ ಖಾತ್ರಿಯಾದರೆ

ಇದಕ್ಕೆ ರಿಗ್ರೆಶನ್ ಅನ್ನುತ್ತಾರೆ. ಬಳಸುವವರಿಗೆ ಮೊದಲು ನಡೆಯುತ್ತಿದ್ದದ್ದು ಮುರಿಯಬಾರದು ಅನ್ನುವುದರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಬಹಳ ಖಡಕ್, ಹಾಗಾಗಿ ಇಂಥ ದೂರಿಗೆ ಬೆಲೆ ಉಂಟು. ರಿಪೋರ್ಟ್‌ಬಗ್ ಕಮಾಂಡ್ ಬಳಸಿ ಡೆಬಿಯನ್‌ನವರಿಗೆ ಕಳಿಸಿ. ಅದರಲ್ಲಿ ಇವೆಲ್ಲ ಇರಲಿ: ಲ್ಯಾಪ್‌ಟಾಪ್ ಮಾಡೆಲ್, ನಡೆಯುತ್ತಿದ್ದ ಕರ್ನಲ್ ಸಂಖ್ಯೆ, ಮುರಿದ ಕರ್ನಲ್ ಸಂಖ್ಯೆ, ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್ ಕೊಟ್ಟ ಸಾಲು, ಹ್ಯಾಂಗ್ ಆದದ್ದಾದರೆ ಜರ್ನಲ್‌ಸಿಟಿಎಲ್ ಹೈಫನ್ ಕೆ ಹೈಫನ್ ಬಿ ಮೈನಸ್ ಒಂದು ಕೊಟ್ಟರೆ ಸಿಗುವ ಹಿಂದಿನ ಬೂಟಿನ ಲಾಗ್. ವೈಫೈ ಕೆಲಸ ಮಾಡುತ್ತಿಲ್ಲ ಅಂತ ಒಂದೇ ಸಾಲು ಬರೆದರೆ ಯಾರೂ ಏನೂ ಮಾಡಲಾರರು.

ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆ ಇಂಜಿನಿಯರಿಂಗ್ ಓದುವ ಮಕ್ಕಳು ಯಾರಾದರೂ ಪರಿಚಯ ಇದ್ದರೆ ಗಿಟ್ ಬೈಸೆಕ್ಟ್ ಮಾಡಲು, ಅಂದರೆ ಯಾವ ಬದಲಾವಣೆಯಿಂದ ಮುರಿಯಿತು ಅಂತ ಹುಡುಕಲು, ಕೂರಿಸಿ. ಎರಡು ಕರ್ನಲ್ ಬಿಡುಗಡೆಗಳ ನಡುವೆ ಹತ್ತು ಸಾವಿರಕ್ಕೂ ಮಿಕ್ಕಿ ಬದಲಾವಣೆ ಇರುತ್ತವೆ, ಆದರೂ ಅರ್ಧ ಅರ್ಧ ಮಾಡುತ್ತಾ ಹೋದರೆ ಸುಮಾರು ಹದಿನಾಲ್ಕು ಸಲ ಕಟ್ಟಿ ನೋಡುವಷ್ಟರಲ್ಲಿ ತಪ್ಪಿತಸ್ಥ ಬದಲಾವಣೆ ಸಿಕ್ಕಿಬೀಳುತ್ತದೆ. ಒಂದು ವಾರಾಂತ್ಯದ ಕೆಲಸ, ಅವರಿಗೂ ಖುಷಿ.

ತಿದ್ದುಪಡಿ ಸಿದ್ಧವಾದರೂ ನಿಮ್ಮ ಮನೆ ತನಕ ಬರಲು ಹೊತ್ತು ಬೇಕು. ಮೊದಲು ಮೂಲ ಕರ್ನಲ್ಲಿಗೆ, ಅಲ್ಲಿಂದ 6.12ರ ಸಾಲಿಗೆ, ಅಲ್ಲಿಂದ ಡೆಬಿಯನ್‌ನ ಸೆಕ್ಯೂರಿಟಿ ಅಪ್‌ಡೇಟಿಗೋ ಸುಮಾರು ಎರಡು ತಿಂಗಳಿಗೊಮ್ಮೆ ತಿದ್ದುಪಡಿಗಳನ್ನು ಒಟ್ಟುಮಾಡಿ ಬರುವ ಪಾಯಿಂಟ್ ರಿಲೀಸಿಗೋ. ಅಲ್ಲಿಯ ತನಕ ಗ್ರಬ್‌ನಲ್ಲಿ ಹಳೆ ಕರ್ನಲ್ಲನ್ನೇ ಆರಿಸುತ್ತಿರಿ. ಮತ್ತೆ ಏಪಿಟಿ ಮಾರ್ಕ್ ಹೋಲ್ಡ್ ಕೊಟ್ಟು ಆ ಕರ್ನಲ್ ಪ್ಯಾಕೇಜನ್ನು ಕಟ್ಟಿಹಾಕಿ, ಇಲ್ಲದಿದ್ದರೆ ಮುಂದಿನ ಆಟೋರಿಮೂವ್ ಅದನ್ನೂ ಗುಡಿಸಿಕೊಂಡು ಹೋಗುತ್ತದೆ.